ಮೇಯರನ್ನು ಊರಿಗೆ ಕಳಿಸಿದ್ದು

ನನ್ನ ತಂಗಿ ಮಾರ್ಲಿಯ ಹುಟ್ಟುಹಬ್ಬಕ್ಕೆ ಡೆಸ್ ಮಾಮ ಊಟದ ಡಬ್ಬಿಯಲ್ಲಿ ಒದ್ದೆ ಬಟ್ಟೆ ಹಾಸಿ ಒಂದು ಹಸಿರು ಮರಗಪ್ಪೆ ತಂದ. ದೂರದ ಉತ್ತರದ ಬೆಚ್ಚನೆಯ ನಮ್ಮೂರು ಇನಿಸ್‌ಫೇಲಿನ ಅಜ್ಜಿಮನೆಯ ಕಕ್ಕಸಿನಲ್ಲಿ ವಾಸವಿದ್ದ ಕಪ್ಪೆ. ಮಾಮನ ಬಾಳೆಕಾಯಿ ಲಾರಿಯಲ್ಲಿ, ಅವನ ಪಕ್ಕದ ಸೀಟಿನಲ್ಲೇ ಕೂತು, ನಾವೀಗಿರುವ ಬಲರಾಟಿನ ಜುಲೈ ತಿಂಗಳ ನಡುಚಳಿಗಾಲಕ್ಕೆ ಬಂದಿಳಿದಿತ್ತು.

“ಯಾರಿದು, ಗೊತ್ತಾಯ್ತೇನೆ?”

“ಮೇಯರು!” ಮಾರ್ಲಿ ಕಿರುಚಿದಳು. ಅದರ ದಪ್ಪ ಹೊಟ್ಟೆ ನೋಡಿ ಅವಳೇ ಇಟ್ಟಿದ್ದ ಹೆಸರು.

“ಮತ್ತೆ? ಹೊಟ್ಟೆ ನೋಡಿದ್ರೇ ಗೊತ್ತಾಗಲ್ವಾ?”

“ತಲೆ ನೆಟ್ಟಗಿದೆಯೇನೋ ನಿಂಗೆ?” ಅಮ್ಮ ತಮ್ಮನ ಮೇಲೆ ಹರಿಹಾಯ್ದಳು. “ಇಲ್ಲಿ ನಾವೇ ನಡುಗ್ತಾ ಬಿದ್ದಿದೀವಿ.”

“ಮಗು ನಗೋದೇ ಮರೆತಿದೆ ಅಂತ ಫೋನಲ್ಲಿ ಅತ್ತಿದ್ದು ಯಾರಕ್ಕಾ?”

ಚಂಡಮಾರುತ ನಮ್ಮ ಮನೆಯ ಸೂರನ್ನು ಕಿತ್ತೊಯ್ದು, ನಾವು ಈ ದಕ್ಷಿಣದೂರಿಗೆ ಬಂದಾಗಿನಿಂದ ಮಾರ್ಲಿ ನಕ್ಕಿರಲಿಲ್ಲ. ಆವತ್ತು ನಕ್ಕಳು.

ಗಾಜಿನ ಪೆಟ್ಟಿಗೆ ತಂದೆವು, ಬಿಸಿ ದೀಪ ತಂದೆವು. ಮೇಯರು ಮಾತ್ರ ದಿನೇದಿನೇ ಕಂದುಗಟ್ಟಿದ. ತಿನ್ನಲೆಂದು ಬಿಟ್ಟ ಚಿಮ್ಮಂಡೆ ಹುಳುಗಳು ಅವನ ಬೆನ್ನ ಮೇಲೇ ಓಡಾಡಿಕೊಂಡಿದ್ದವು.

“ಇಂಥದ್ದನ್ನೆಲ್ಲ ಉಡುಗೊರೆ ಕೊಡ್ತಾರೇನಮ್ಮಾ?” ಎಂದು ಪ್ರಾಣಿವೈದ್ಯೆ ನನಗೇ ಬೈದರು. “ವಾಪಸ್ ಕಳ್ಸಿ. ಇಲ್ಲಿ ಹೊರಗೆ ಮಾತ್ರ ಬಿಡಬೇಡಿ. ಈ ಹಿಮಕ್ಕೆ ಒಂದು ರಾತ್ರಿನೂ ತಡ್ಕೊಳಲ್ಲ.”

ಮುಂದಿನ ವಾರ ಮಾಮ ಬಂದು ಕರೆದೊಯ್ಯುತ್ತಾನೆ ಎಂದು ಮಾರ್ಲಿಗೆ ಹೇಳಿದೆ.

“ಮಾಮ ಯಾಕೆ? ಮೇಯರಿಗೇ ದಾರಿ ಗೊತ್ತಲ್ಲ.”

ನಾನು ಅದನ್ನು ಮಗುವಿನ ಮಾತೆಂದುಕೊಂಡೆ. ಆದರೆ ನಮ್ಮೂರಲ್ಲಿ ಅದು ದೊಡ್ಡವರ ಮಾತೂ ಹೌದು. ಕಕ್ಕಸಿನ ಕಪ್ಪೆಯನ್ನು ಬಕೆಟಿನಲ್ಲಿ ಹಾಕಿ ಹೊಳೆಯಾಚೆ ಬಿಟ್ಟು ಬಂದರೂ ಮಳೆ ಬಿದ್ದ ಮರುದಿನ ಅದು ಮತ್ತೆ ಅಲ್ಲೇ ಕೂತಿರುತ್ತದೆ. ನಾವೆಲ್ಲ ಕಣ್ಣಾರೆ ಕಂಡವರು. ಮನೆಯ ದಾರಿ ಕಪ್ಪೆಯ ಹೊಟ್ಟೆಯೊಳಗೇ ಸುರುಳಿ ಸುತ್ತಿಕೊಂಡಿರುತ್ತದೆ, ಮಳೆನೀರು ತಾಗಿದೊಡನೆ ಬಿಚ್ಚಿಕೊಳ್ಳುತ್ತದೆ ಎಂದು ಅಜ್ಜಿ ಕತೆ ಹೇಳುತ್ತಿದ್ದಳು.

ಎರಡು ದಿನ ಕಳೆದು ಸಂಜೆ ಜಿಟಿಜಿಟಿ ಮಳೆ ಹಿಡಿಯಿತು. ಮಾರ್ಲಿ ಯಾರಿಗೂ ಹೇಳದೆ ಮೇಯರನ್ನು ಎತ್ತಿಕೊಂಡು ಹೋಗಿ, ಬೇಲಿಯಾಚೆ ಉತ್ತರದ ಕಡೆ ಮುಖ ಮಾಡಿ ಬಿಟ್ಟುಬಂದಳು. ಬೆಳಿಗ್ಗೆ ಹಿಮ ಬಿದ್ದು ಹುಲ್ಲೆಲ್ಲ ಬೆಳ್ಳಗಾಗಿತ್ತು. ಖಾಲಿ ಪೆಟ್ಟಿಗೆ ನೋಡಿ ನಾನು ಹೊರಗೋಡಿದೆ. ಬೇಲಿಯಿಂದ ನಾಲ್ಕು ಮಾರು ದೂರದಲ್ಲಿ, ಚರಂಡಿಯ ಅಂಚಿನಲ್ಲಿ, ಮೇಯರು ಮರಗಟ್ಟಿ ಕೂತಿದ್ದ. ಕೈಗೆತ್ತಿಕೊಂಡರೆ ಬೆಣಚುಕಲ್ಲು ಎತ್ತಿದ ಹಾಗಿತ್ತು.

ನಾನು ಒಳಬರುವಾಗ ಮಾರ್ಲಿ ಅಜ್ಜಿಗೆ ಫೋನು ಮಾಡಿಯಾಗಿತ್ತು.

“ಬಂದ್ನಾ ಅಜ್ಜಿ? ನಿನ್ನೆ ಸಂಜೆನೇ ಹೊರಟ. ಮಳೇಲೇ ಬಿಟ್ಟೆ.”

“ಇನ್ನೂ ಬಂದಿಲ್ಲ ಪುಟ್ಟಾ” ಎಂಬ ಅಜ್ಜಿಯ ಒಡಕು ದನಿ ನನಗೂ ಕೇಳಿಸಿತು. “ಫೋನಿಡ್ತೀನಿ, ಆಯ್ತಾ?”

“ಬೇಡ, ಇಡಬೇಡ.” ಮಾರ್ಲಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. “ಬರೋವರೆಗೂ ಹೀಗೇ ಕಾಯ್ತೀನಿ.”