ಕ್ಯಾಂಪಿನ ಹೊಲ

ಕೇಶರಬಾಯಿಯ ಬಾಯಿಂದ ಬಂದದ್ದು ಒಂದೇ ಮಾತು. ಅದೂ ಸುಳ್ಳಲ್ಲ. ಆದರೂ ಆ ಮಾತಿಗೇ ಗಂಡ ತುಳಜಾರಾಮ ಸತ್ತನೆಂದು ಊರೆಲ್ಲ ಹಿಂದಿನಿಂದ ಆಡಿಕೊಳ್ಳುತ್ತಿತ್ತು. ಅತ್ತೆ ಅಂಬುಬಾಯಿ ಎದುರಿಗೇ ಅನ್ನುತ್ತಿದ್ದಳು: "ಮಾತು ಆಡಿದ್ರ ಹೋಯ್ತು, ಮುತ್ತು ಒಡದ್ರ ಹೋಯ್ತು. ನನ್ನ ಮುತ್ತು ಒಡದಿಯಲ್ಲ ನೀ!"

ಹುಮನಾಬಾದಿನಿಂದ ಕಲ್ಯಾಣಿಗೆ ಹೋಗುವ ದಾರಿಯ ಹಳ್ಳಿ ಅದು. ಇಂದಿನ ಬಸವಕಲ್ಯಾಣಕ್ಕೆ ಆಗ ಕಲ್ಯಾಣಿ ಎಂದೇ ಹೆಸರು. ಕೇಶರಬಾಯಿ ಸೊಸೆಯಾಗಿ ಬಂದ ವರ್ಷವೇ ಮನೆಮನೆಯಲ್ಲಿ ಇಲಿ ಸತ್ತು ಬೀಳತೊಡಗಿದವು. ಪ್ಲೇಗು ಎಂದು ಸರಕಾರದವರು ಬಂದು ಊರು ಬಿಡಿಸಿದರು. ಜನ ತುಳಜಾರಾಮನ ಹೊಲದಲ್ಲಿ ಗುಡಿಸಲು ಹಾಕಿಕೊಂಡರು. ಊರ ಶಾಲೆಗೆ ಹುಮನಾಬಾದಿನಿಂದ ಬಂದಿದ್ದ ಅಜೀಮುದ್ದೀನ್ ಮಾಸ್ತರರು ತಮ್ಮ ಒಬ್ಬನೇ ಮಗನೊಂದಿಗೆ ಇವರ ಪಕ್ಕದ ಗುಡಿಸಲಲ್ಲೇ ಇದ್ದರು. "ಇದಕ್ಕ ಇಂಗ್ಲೀಷಿನ್ಯಾಗ ಕ್ಯಾಂಪ್ ಅಂತಾರ, ಬೇಟಿ" ಎಂದು ಹೇಳಿಕೊಟ್ಟವರು ಅವರೇ. ಹೆಂಗಸರು ಆ ಶಬ್ದವನ್ನು ನಾಲಗೆಯ ಮೇಲೆ ಹೊರಳಿಸಿ ನಕ್ಕರು. ದಿನಾ ಹೆಣ ಹೊರುವ ಹೊತ್ತಿನಲ್ಲಿ ನಗುವುದಕ್ಕೆ ಬೇರೆ ಏನಿತ್ತು?

ಪ್ಲೇಗು ಹೋಯಿತು, ಗುಡಿಸಲು ಹೋದವು. ಶಬ್ದ ಮಾತ್ರ ಬೇರು ಬಿಟ್ಟಿತು. ಮೊದಮೊದಲು ಕ್ಯಾಂಪಿನ ಹೊಲ ಅನ್ನುತ್ತಿದ್ದರು. ಬರಬರುತ್ತ ಹೊಲ ಎಂಬುದು ಉದುರಿ ಬರೇ ಕ್ಯಾಂಪ್ ಉಳಿಯಿತು. ಕ್ಯಾಂಪಿನಲ್ಲಿ ಕಳೆ ತೆಗೆಯುವುದು, ಕ್ಯಾಂಪಿಗೆ ಬುತ್ತಿ ಒಯ್ಯುವುದು.

ಆದರೆ ಆ ಶಬ್ದ ಒಂದೇ ಮನೆಯಲ್ಲಿ ಉಣ್ಣುವ ಜಾತಿಯದಲ್ಲ. ತಹಸೀಲ್ದಾರರು ಬಂದು ಡೇರೆ ಹೊಡೆದರೆ ಅದೂ ಕ್ಯಾಂಪ್. ಊರ ಕೋಳಿಗಳಿಗೆ ಅಂದೇ ಕಡೇ ದಿನ. ನಲವತ್ತೆಂಟರ ಹೊತ್ತಿಗೆ ಇನ್ನೊಂದು ಹುಟ್ಟಿತು. ಸೋಲಾಪುರದ ಕಡೆ, ನಿಜಾಮನ ರಾಜ್ಯದ ಗಡಿಯಾಚೆ, ಅವನ ವಿರುದ್ಧ ಬಂದೂಕು ಹಿಡಿದವರು ಸೇರುವ ಜಾಗ. ಅದಕ್ಕೂ ಕ್ಯಾಂಪ್ ಎಂದೇ ಹೆಸರು. ಗಂಡಸರು ಅದನ್ನು ಊರಬಾಗಿಲಿನ ಅಗಸಿಕಟ್ಟೆಯಲ್ಲಿ ಪಿಸುಗುಟ್ಟುತ್ತಿದ್ದರು. ಹೆಂಗಸರಿಗೆ ಯಾರೂ ಹೇಳಲಿಲ್ಲ. ಹೆಂಗಸರಿಗೆ ಯಾಕೆ ಹೇಳಬೇಕು, ಅಲ್ಲವೇ!

ಮುಂಗಾರಿನ ಮಿರಗದ ಮಳೆ ಬಿದ್ದು ಬಿತ್ತನೆ ನಡೆದಿತ್ತು. ನಿಜಾಮನ ಕಡೆಯ ಬಂದೂಕಿನವರು ಮನೆ ಮುಂದೆ ಬಂದು ನಿಂತರು. ಕೇಶರಬಾಯಿ ಕುಳ್ಳು ತಟ್ಟುತ್ತಿದ್ದಳು.

"ನಿನ್ನ ಗಂಡ ಎಲ್ಲಿ?"

"ಕ್ಯಾಂಪಿಗಿ ಹೋಗ್ಯಾರ್ರಿ."

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಯಾವಾಗಿಂದ ಹೋಗಾಕತ್ತಾನ?"

"ದಿನಾ ಹೋಗ್ತಾರಲ್ರಿ. ಸಂಜಿಗಿ ಬರ್ತಾರ, ಕುಂಡ್ರಿ" ಎಂದು ಆಕೆ ಕೈ ತೊಳೆದು ಅವರಿಗೆ ಕುಡಿಯಲು ನೀರು ಕೊಟ್ಟಳು. ಅವರು ನೀರು ಕುಡಿದು ಅಗಸಿಯ ಹತ್ತಿರ ಕಾದು ಕುಳಿತರು.

ಸಂಜೆ ತುಳಜಾರಾಮ ಹೆಗಲಿಗೆ ಚೀಲ ಹಾಕಿಕೊಂಡು ಬಂದ. ಅಗಸಿಯಲ್ಲೇ ಗುಂಡು ಹೊಡೆದು ಕೊಂದರು. ಆಮೇಲೆ ಚೀಲ ಝಾಡಿಸಿದರು. ಕಾಡತೂಸು ಬೀಳಲಿಲ್ಲ. ಬಿತ್ತಿ ಉಳಿದ ತೊಗರಿ ಬಿತ್ತು.

ಮಳೆಗಾಲ ಮುಗಿಯುವ ಮೊದಲೇ ಹಿಂದುಸ್ತಾನದ ಫೌಜು ಬಂತು, ನಿಜಾಮನ ಕಾಲ ಮುಗಿಯಿತು. ಸಾವು ಮುಗಿಯಲಿಲ್ಲ. ಈಗ ಸಾಯುವ ಸರದಿ ಬೇರೆಯವರದು. ಬಂದೂಕನ್ನೇ ಮುಟ್ಟದವರೂ ಸತ್ತರು. ಮನೆ ಸುಟ್ಟುಹೋದ ಮುಸಲ್ಮಾನರನ್ನು ಹುಮನಾಬಾದಿನ ಹೊರಗೆ ಡೇರೆಗಳಲ್ಲಿ ಇಟ್ಟಿದ್ದರು. ಅದೂ ಕ್ಯಾಂಪೇ. ಅಜೀಮುದ್ದೀನ್ ಮಾಸ್ತರರೂ ಅಲ್ಲಿದ್ದಾರೆಂದು ಕೇಳಿ ಕೇಶರಬಾಯಿ ಯಾರಿಗೂ ಹೇಳದೆ ರೊಟ್ಟಿ ಕಟ್ಟಿಕೊಂಡು ನಡೆದಳು. ತಾನು ಮಾಡಿದ ತಪ್ಪು ಏನೆಂದು ಆಕೆಗೆ ತಿಳಿಯಬೇಕಾಗಿತ್ತು.

ಮಾಸ್ತರರು ಡೇರೆಯ ಮುಂದೆ ಒಬ್ಬರೇ ಕುಳಿತಿದ್ದರು. ಮಗ ಎಲ್ಲಿ ಎಂದು ಆಕೆ ಕೇಳಲಿಲ್ಲ. ಕೇಳುವಂತಿರಲಿಲ್ಲ ಅವರ ಮುಖ.

"ಮಾಸ್ತರ್, ಕ್ಯಾಂಪ್ ಅಂದ್ರ ಏನ್ರಿ?"

"ಕಾಣಲ್ಲೇನು, ಬೇಟಿ? ಇದ."

"ಇದಲ್ರಿ. ಅದರ ಮೂಲ ಅರ್ಥ ಹೇಳ್ರಿ. ನಾ ಆವತ್ತು ಅವರಿಗಿ ಏನಂದೆ ಅಂತ ನನಗ ಗೊತ್ತಾಗಬೇಕು."

ಊರಿನ ಸುದ್ದಿ ಅವರಿಗೂ ಮುಟ್ಟಿತ್ತು.

"ಲ್ಯಾಟಿನ್ ಅಂತ ಒಂದು ಹಳೇ ಜುಬಾನ್. ಅದರಾಗ ಕಂಪುಸ್ ಅಂತಿದ್ರು. ಬಯಲಿಗಿ, ಸಪಾಟ ಜಮೀನಿಗಿ. ಅಲ್ಲಿ ಫೌಜು ಡೇರೆ ಹೊಡೀತಿತ್ತು. ಮುಂದ ಡೇರೆಗೂ ಅದ ಹೆಸರು ಬಿತ್ತು."

"ಅಂದ್ರ?"

"ಅಂದ್ರ, ಹೊಲ."

"ಹೊಲ?"

"ಹೊಲ, ಬೇಟಿ."

ಕೇಶರಬಾಯಿ ಗಂಟು ಬಿಚ್ಚಿ ರೊಟ್ಟಿಯನ್ನು ಅವರ ಮುಂದಿಟ್ಟಳು. "ಹಂಗಾರ ನಾ ತಪ್ಪು ಹೇಳಿಲ್ರಿ. ಹೊಲಕ್ಕ ಹೋಗ್ಯಾರ ಅಂತನ ಹೇಳೀನಿ."

ಆಗ ಆಕೆಗೆ ಅಳು ಬಂತು. ಗಂಡ ಸತ್ತ ದಿನವೂ ಹೀಗೆ ಅತ್ತಿರಲಿಲ್ಲ.

"ಕಲಿಸಿದವ ನಾನು" ಎಂದರು ಮಾಸ್ತರರು. ರೊಟ್ಟಿ ಮುಟ್ಟಲಿಲ್ಲ.

ಆಕೆ ಊರು ಸೇರಿದಾಗ ಅತ್ತೆ ಹೊಸ್ತಿಲಲ್ಲೇ ಕೂತಿದ್ದಳು.

"ಮುಂಜಾನಿಂದ ಎಲ್ಲಿಗಿ ಹೋಗಿದ್ದಿ?"

ಅದೇ ಶಬ್ದ ನಾಲಗೆಯ ತುದಿಗೆ ಬಂತು. ಕೇಶರಬಾಯಿ ಅದನ್ನು ನುಂಗಿಕೊಂಡಳು.

"ಹೊಲಕ್ಕ" ಎಂದಳು.

ಅತ್ತೆ ನಂಬಿದಳು.