ರುದ್ರಮ್ಮನ ಹೊಗೆಸೊಪ್ಪೂ ಜವರಮ್ಮನ ರಸಬಾಳೆಯೂ

ಬದನವಾಳಿನ ರುದ್ರಮ್ಮನ ಬಾಯಿ ಉರೀತಿತ್ತು. ಬಾಯಿ ಜೋರಿನ ಹೆಂಗಸು, ಊರೋರ ಹೊಟ್ಟೆ ಉರಿಸಿದ್ದುಂಟು. ಈಗ ತನ್ನ ಬಾಯೇ ಉರಿಯೋ ಹಂಗಾಗಿತ್ತು. ಹುರುಳಿ ಬಸ್ಸಾರು ನಾಲಿಗೆಗೆ ತಾಕಿದ್ರೆ ಕಣ್ಣಲ್ಲಿ ನೀರು. ಕೆನ್ನೆ ಒಳಗಡೆ, ಹೊಗೆಸೊಪ್ಪು ಒತ್ತರಿಸೋ ಜಾಗದಲ್ಲೇ, ಸುಣ್ಣ ಬಳಿದಂಗೆ ಒಂದು ಬಿಳಿ ಮಚ್ಚೆ.

ನಂಜನಗೂಡಿನ ಹಲ್ಲಿನ ಡಾಕ್ಟ್ರು ನೋಡಿ, "ಇನ್ನೂ ಕ್ಯಾನ್ಸರ್ ಆಗಿಲ್ಲ. ಹೊಗೆಸೊಪ್ಪು, ಅಡಿಕೆ ಎರಡೂ ಬಿಡದಿದ್ರೆ ಆಗಬಹುದು" ಅಂದ್ರು.

"ಬಿಟ್ಟೆ ಬಿಡಿ ಸಾ" ಅಂದ ರುದ್ರಮ್ಮ ಬಿಟ್ಟೂ ಬಿಟ್ಲು. ಬಸ್ ಸ್ಟ್ಯಾಂಡಿನವರೆಗೆ.

ಆ ಚಟ ನಿನ್ನೆ ಮೊನ್ನೇದಲ್ಲ. ಖಾದಿ ಕೇಂದ್ರದಲ್ಲಿ ನೂಲು ತೆಗೀತಿದ್ದ ಹರೆಯದ್ದು. ಚರಕದ ಗುಯ್‌ಗುಟ್ಟೋ ಸದ್ದಿಗೆ ತೂಕಡಿಕೆ ಬಂದ್ರೆ, ಪಕ್ಕದಲ್ಲಿ ಕೂತ ಗೆಳತಿ ಜವರಮ್ಮ ಎಲಡಿಕೆ ಚೀಲ ಬಿಚ್ಚೋಳು. ಒಂದು ಚೂರು ಹೊಗೆಸೊಪ್ಪು, ಒಂದು ರಾಶಿ ಚಾಡಿ. ಎಂಥಾ ದಿನಗಳು! ಜವರಮ್ಮ ಆಮೇಲೆ ಬಿಟ್ಲು. ರುದ್ರಮ್ಮನ ಕೆನ್ನೇಲಿ ಮಾತ್ರ ಅದು ಮನೆ ಅಳಿಯನಂಗೆ ಉಳ್ಕೊಂತು.

ಆಶಾ ಕಾರ್ಯಕರ್ತೆ ನಯನ ಜಗಲಿ ಮೇಲೆ ಕೂತು ಹೇಳಿದ್ಲು: "ಅಜ್ಜಿ, ನಂಜನಗೂಡಲ್ಲಿ ಶಾಲಿನಿ ಅಂತ ಮನಸ್ಸಿನ ಡಾಕ್ಟ್ರವ್ರೆ. ಸಮ್ಮೋಹನ ಚಿಕಿತ್ಸೆ ಮಾಡ್ತಾರೆ, ಹಿಪ್ನೋಥೆರಪಿ ಅಂತಾರಲ್ಲ, ಅದು. ಚಟ ಬಿಡಕ್ಕೆ ಕೆಲವ್ರಿಗೆ ಅನುಕೂಲ ಆಯ್ತದೆ."

"ಅಯ್ ಸುಮ್ನಿರವ್ವ! ವಶೀಕರಣ ತಾನೇ? ಆಮೇಲೆ ನಾನು ಕೋಳಿ ಥರ ಕೂಗ್ಕೊಂಡು ಬೀದೀಲಿ ಓಡಾಡ್ಬೇಕಾ?"

"ಈಗೇನು ಕಮ್ಮಿ ಕೂಗ್ತೀಯಾ?" ಅಂದ್ಲು ಪಕ್ಕದಲ್ಲೇ ಕೂತಿದ್ದ ಜವರಮ್ಮ. "ನಾನೂ ಬತ್ತೀನಿ ನಡಿ. ಪಕ್ಕದಲ್ಲೇ ಕೂತ್ಕತೀನಿ."

ಕಷ್ಟ ಇದ್ದಿದ್ದೇ ಅಲ್ಲಿ. ಆ ಮಂಪರಲ್ಲಿ ಮನಸ್ಸಲ್ಲಿರೋದೆಲ್ಲ ಆಚೆ ಬಂದ್ಬುಡ್ತದಂತೆ ಅಂತ ಯಾರೋ ಹೇಳಿದ್ರು. ರುದ್ರಮ್ಮನ ಮನಸ್ಸಲ್ಲಿ ಒಂದು ಚಿಪ್ಪು ಬಾಳೆಹಣ್ಣಿತ್ತು.

ಖಾದಿ ಕೇಂದ್ರ ಸೇರೋಕೂ ಮುಂಚಿನ ಮಾತು. ಆಗೆಲ್ಲ ಹಿತ್ತಲಲ್ಲಿ ನಂಜನಗೂಡು ರಸಬಾಳೆ ಬೆಳೀತಿತ್ತು. ಜವರಮ್ಮನ ಹಿತ್ತಲ ಗೊನೆ ಗಿಡದಲ್ಲೇ ಹಣ್ಣಾಗಿ ಬೀದಿಗೆಲ್ಲ ಘಮ್ ಅಂತಿತ್ತು. ರುದ್ರಮ್ಮ ಬೇಲಿ ಸಂದೀಲಿ ನುಗ್ಗಿ, ಒಂದು ಚಿಪ್ಪು ಕಿತ್ತು, ಹುಲ್ಲುಮೆದೆ ಹಿಂದೆ ನಿಂತು ಅಷ್ಟೂ ತಿಂದಿದ್ಲು. ಆಪಾದನೆ ಮಂಗಗಳ ಮೇಲೆ ಬಂತು. ಅವತ್ತಿಂದ ಇವತ್ತಿನವರೆಗೂ ಜವರಮ್ಮ ಕಂಡ ಕಂಡ ಮಂಗಕ್ಕೆಲ್ಲ ಕಲ್ಲು ಬೀರ್ತಾಳೆ. ಈಗ ಅವಳೇ ಪಕ್ಕದಲ್ಲಿ ಕೂತ್ಕತಾಳಂತೆ!

ಆದ್ರೆ ಬಾಯುರಿ ಕೇಳಬೇಕಲ್ಲ. ತಟ್ಟೇಲಿ ಮುದ್ದೆ ಹಂಗೇ ಉಳಿಯೋ ದಿನ ಬಂದಾಗ, ಕೊರಳಿನ ಲಿಂಗದ ಕರಡಿಗೆ ಭದ್ರವಾಗಿ ಹಿಡ್ಕಂಡು ಜವರಮ್ಮನ ಜೊತೆ ಶಾಲಿನಿ ಡಾಕ್ಟ್ರ ಹತ್ರ ಹೊರಟ್ಲು.

"ಡಾಕ್ಟ್ರವ್ವ, ನನ್ ಬಾಯಿಂದ ಏನೇನು ಬಿಡಿಸ್ತೀಯಾ?"

"ಹೊಗೆಸೊಪ್ಪು ಮಾತ್ರ" ಅಂತ ನಕ್ರು ಶಾಲಿನಿ. "ಇದು ನಿದ್ದೆ ಅಲ್ಲಮ್ಮ. ಚರಕದ ಮುಂದೆ ಮೈಮರೆತು ಕೂರ್ತಿದ್ರಲ್ಲ, ಆ ಥರ. ನನ್ನ ಮಾತೆಲ್ಲ ಕೇಳಿಸ್ತಿರುತ್ತೆ. ಬೇಡ ಅನಿಸಿದ್ರೆ ಕಣ್ಣು ಬಿಡಬಹುದು. ನೀವು ಹೇಳಬಾರದು ಅಂದ್ಕೊಂಡಿದ್ದನ್ನ ನಾನು ಬಲವಂತವಾಗಿ ಹೇಳಿಸೋಕಾಗಲ್ಲ."

"ದೇವರಾಣೆಗೂ?"

"ದೇವರಾಣೆಗೂ."

ರುದ್ರಮ್ಮ ಕಣ್ಮುಚ್ಚಿದ್ಲು. ಉಸಿರು ನಿಧಾನ ಆಯ್ತು. "ನಿಮ್ಮ ಬಾಯಿಗೂ ಮನಸ್ಸಿಗೂ ಹಿತವಾಗಿದ್ದ ಒಂದು ಹೊತ್ತಿಗೆ ಹೋಗಿ" ಅಂದ್ರು ಡಾಕ್ಟ್ರು.

ಮನಸ್ಸು ಎಲ್ಲಿಗೆ ಹೋಗಬಾರದೋ ಅಲ್ಲಿಗೇ ಹೋಯ್ತು. ಬೇಲಿ ಸಂದಿ. ಹುಲ್ಲುಮೆದೆ. ಮಧ್ಯಾಹ್ನದ ಬಿಸಿಲು. ಹೊಗೆಸೊಪ್ಪಿನ ಘಾಟಲ್ಲಿ ಎಂದೋ ಕಳೆದುಹೋಗಿದ್ದ ಆ ಘಮ ಮೂಗಿಗೆ ಬಂತು. ಇನ್ನೂ ಹೊಗೆಸೊಪ್ಪು ಕಾಣದ ಬಾಯಿ ಅದು!

"ಹೊಗೆಸೊಪ್ಪು ಬೇಕು ಅನಿಸಿದಾಗೆಲ್ಲ ಒಂದು ಉಸಿರೆಳೆದು ಅಲ್ಲಿಗೇ ಹೋಗಿ. ಆ ಬಾಯಿ ನನಗೆ ವಾಪಸ್ ಬೇಕು ಅಂದ್ಕೊಳ್ಳಿ" ಅಂದ್ರು ಡಾಕ್ಟ್ರು.

ಒಂದೇ ಸಲಕ್ಕೆ ಪವಾಡ ಆಗಲಿಲ್ಲ. ಮತ್ತೆ ಮತ್ತೆ ಹೋದ್ಲು. ನಡುವೆ ಜಾರಿದ್ಲು. ಡಾಕ್ಟ್ರು ಬೈಲಿಲ್ಲ, ಮತ್ತೆ ಕೂರಿಸಿದ್ರು. ಆಮೇಲೊಂದಿನ ತಿ. ನರಸೀಪುರದ ನೆಂಟರ ಮನೆ ಮದುವೆ ಒಪ್ಪಂದದ ಶಾಸ್ತ್ರದಲ್ಲಿ ತಾಂಬೂಲದ ತಟ್ಟೆ ಮುಂದೆ ಬಂತು, ಅಂಚಲ್ಲಿ ಹೊಗೆಸೊಪ್ಪೂ ಇತ್ತು. ಬೇಡ ಅಂದ್ರೆ ಅವಮಾನ. ರುದ್ರಮ್ಮ ಕಣ್ಮುಚ್ಚಿ ಉಸಿರೆಳೆದ್ಲು. ಎಲೆ ಅಡಿಕೆ ಕಣ್ಣಿಗೊತ್ಕೊಂಡು ಸೆರಗಲ್ಲಿ ಕಟ್ಕೊಂಡ್ಲು. ಬಾಯಿಗೆ ಹಾಕ್ಕೊಳ್ಳಲಿಲ್ಲ.

ವಾಪಸ್ ಬರೋ ಬಸ್ಸಲ್ಲಿ, ಜೊತೆಗೆ ಬಂದಿದ್ದ ಜವರಮ್ಮ ತಿವಿದ್ಲು. "ಅದೇನೇ, ಕಣ್ಮುಚ್ಚಿದಾಗೆಲ್ಲ ಬಾಯಿ ಚಪ್ಪರಿಸ್ತೀಯ? ಎಲ್ಲಿಗೋಯ್ತೀಯ?"

"ನಿನ್ನ ಹಿತ್ಲಿಗೆ ಕಣೇ. ರಸಬಾಳೆ ತಾವಕ್ಕೆ."

"ಅಯ್ಯೋ, ಆ ಹಣ್ಣು ಈಗೆಲ್ಲಿ ಅದೆ? ಅವತ್ತು ಒಳ್ಳೆ ಚಿಪ್ಪೇ ಆ ಹಾಳು ಮಂಗ ತಿಂದ್ಬುಡ್ತು!"

"ಹೂಂ ಕಣೇ. ಆ ಮಂಗಕ್ಕೆ ಈಗ ಬಾಯುರಿ ಕಮ್ಮಿ ಆಗ್ಯದೆ. ಮಚ್ಚೆನೂ ತೆಳ್ಳಗಾಯ್ತಾ ಅದೆ ಅಂದ್ರು ಹಲ್ಲಿನ ಡಾಕ್ಟ್ರು."

ಜವರಮ್ಮ ಮೆಲ್ಲಗೆ ತಿರುಗಿ ನೋಡಿದ್ಲು. ಕೈ ತಾನಾಗೇ ಕಲ್ಲು ಹುಡುಕ್ತು. ಬಸ್ಸಲ್ಲಿ ಕಲ್ಲೆಲ್ಲಿ ಸಿಗಬೇಕು? ಇಬ್ಬರೂ ನಗೋ ನಗುವಿಗೆ ಕಂಡಕ್ಟ್ರು ಎದ್ದು ಬಂದ. ಸಮ್ಮೋಹನದಲ್ಲಿ ಬರದ ಗುಟ್ಟು ಸಂತೋಷದಲ್ಲಿ ಬಂದಿತ್ತು.

ಅಕ್ಕಂದಿರಾ, ಅಣ್ಣಂದಿರಾ, ನಿಮ್ಮ ಕೆನ್ನೇಲೂ ಇಂಥ ಮನೆ ಅಳಿಯ ಕೂತಿದ್ದಾನಾ? ಬಾಯಲ್ಲಿ ಮಚ್ಚೆ, ವಾಸಿಯಾಗದ ಹುಣ್ಣು ಕಂಡ್ರೆ ಮೊದಲು ಆಸ್ಪತ್ರೆಗೆ ಹೋಗಿ. ಚಟದ ಜೊತೆ ಒಬ್ಬರೇ ಗುದ್ದಾಡಬೇಡಿ. ಸಮ್ಮೋಹನ ಚಿಕಿತ್ಸೆ ಮಂತ್ರ ಅಲ್ಲ, ಎಲ್ಲರಿಗೂ ಹಿಡಿಸುತ್ತೆ ಅಂತಲೂ ಇಲ್ಲ. ಅದನ್ನ ಕಲಿತ ಡಾಕ್ಟ್ರ ಹತ್ರ ಹೋಗಿ, ಅಂತ್ರ ತಾಯತ ಕಟ್ಟೋರ ಹತ್ರ ಅಲ್ಲ. ದಾರಿ ಗೊತ್ತಿಲ್ಲದಿದ್ರೆ ನಿಮ್ಮೂರ ಆಶಾ ಕಾರ್ಯಕರ್ತೆಯನ್ನ ಕೇಳಿ.

ಗುಟ್ಟಿನ ಭಯ ಬೇಡ. ನೀವು ಕದ್ದ ಬಾಳೆಹಣ್ಣು ನಿಮ್ಮ ಹತ್ರಾನೇ ಇರುತ್ತೆ.