ಹಗ್ಗ ಹಿಡಿದ ಕೈ

ಆ ಮನೆಯಲ್ಲಿ ಕ್ಯಾಮರಾ ಚೀಲದಿಂದ ಹೊರಗೆ ಬಂದರೆ ಸಾಕು, ಇಡೀ ತೋಟಕ್ಕೆ ಗರ ಬಡಿದಂತಾಗುತ್ತಿತ್ತು. ಕಳೆ ಕೀಳುತ್ತಿದ್ದ ಚಿಕ್ಕಮ್ಮ ಕುಡುಗೋಲು ಬಿಸಾಕಿ ಎದ್ದು, ಎರಡೂ ಕೈ ತೊಡೆಗೆ ಅಂಟಿಸಿ, ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದಳು. ಪಕ್ಕದ ಹೊಲದ ಟ್ರ್ಯಾಕ್ಟರಿನವನು ಎಂಜಿನ್ ಆರಿಸಿ ಕ್ರಾಪು ತೀಡಿಕೊಳ್ಳುತ್ತಿದ್ದ. ಹಾಳಾದ ನಾಯಿ ಕೂಡ ಕೆರೆದುಕೊಳ್ಳುವುದನ್ನು ನಿಲ್ಲಿಸಿ ನೆಟ್ಟಗೆ ಕೂರುತ್ತಿತ್ತು.

"ನಿಮ್ಮ ಪಾಡಿಗೆ ನೀವು ಕೆಲಸ ಮಾಡ್ರೀ! ನಾನು ಇಲ್ಲ ಅಂದ್ಕೊಳ್ಳಿ!" ಎಂದು ತಂಗಿ ಹಲ್ಲು ಕಡಿಯುತ್ತಿದ್ದಳು.

"ಕೆಲಸ ಮಾಡೋದನ್ನ ಯಾರಾದ್ರೂ ಫೋಟೋ ತೆಗೀತಾರೇನೇ?" ಎಂದು ಚಿಕ್ಕಮ್ಮ ತುಟಿ ಅಲುಗಿಸದೆಯೇ ಕೇಳುತ್ತಿದ್ದಳು.

ತಂಗಿ ಎಂದರೆ ಮನೆಯ ಯಜಮಾನನ ತಂಗಿ. ಎರಡೂ ಹೊತ್ತು ಹಾಲಿನ ಕ್ಯಾನುಗಳನ್ನು ಮೊಪೆಡ್ಡಿಗೆ ಕಟ್ಟಿ ಡೇರಿಗೆ ಸಾಗಿಸುವವಳು ಅವಳೇ. ಯಾರೋ ಬಳಸಿ ಬಿಟ್ಟ ಕ್ಯಾಮರಾ ಒಂದನ್ನು ಅವಳು ತಂದ ದಿನವೇ ಅಣ್ಣ ಅವಳಿಗೆ 'ಸ್ಟುಡಿಯೋ' ಎಂದು ಹೆಸರಿಟ್ಟಿದ್ದ. ಅದೇ ಅಂಟಿಕೊಂಡುಬಿಟ್ಟಿತ್ತು.

ಪೋಸು ಕೊಡದ ಸಂಗತಿಗಳ ಜೊತೆಗೆ ಅವಳಿಗೆ ಜಗಳವೇ ಇರಲಿಲ್ಲ. ಬೆಳಗಿನ ಚಳಿಗೆ ಗೊಬ್ಬರದ ಗುಂಡಿಯಿಂದ ಏಳುವ ಹಬೆ, ತಳ್ಳುಗಾಡಿಯಲ್ಲಿ ಮೊಟ್ಟೆ ಇಟ್ಟು ತನಗೇನೂ ಗೊತ್ತಿಲ್ಲವೆಂಬಂತೆ ಹೊರಟ ಕೋಳಿ, ಕರುವಿನ ನಾಲಿಗೆ ಅದರದೇ ಮೂಗಿನ ಹೊಳ್ಳೆಯೊಳಗೆ ಹೋಗಿ ಬರುವ ಅರೆಗಳಿಗೆ. ಇಂಥದ್ದೊಂದು ಸಿಕ್ಕಿದರೆ ಅವಳು ದಿನವಿಡೀ ಒಬ್ಬಳೇ ನಗುತ್ತಿದ್ದಳು. ಮನುಷ್ಯರ ವಿಷಯಕ್ಕೆ ಬಂದರೆ ಮಾತ್ರ ಕದಿಯಲೇಬೇಕು. ಅತ್ತಿಗೆಯನ್ನಂತೂ ಹಾಗೆ ಎಷ್ಟು ಸಲ ಕದ್ದಿದ್ದಳೋ. ಮೇವು ಕತ್ತರಿಸುವ ಕೈ, ಗಂಜಲದಲ್ಲಿ ನೆಂದ ಒಡೆದ ಹಿಮ್ಮಡಿ, ಹುಲ್ಲಿನ ಹೊರೆಯ ಕೆಳಗೆ ಬಾಗಿದ ಬೆನ್ನು. ಆ ಮನೆಯ ದನ ಮೇಯುತ್ತಿದ್ದದ್ದು, ಹಾಲು ಕರೆಯುತ್ತಿದ್ದದ್ದು, ಕೊಟ್ಟಿಗೆ ಕೊಟ್ಟಿಗೆಯಾಗಿ ಉಳಿದಿದ್ದದ್ದು ಆ ಅತ್ತಿಗೆಯಿಂದ. ಅಣ್ಣ ಡೇರಿಯ ಸಭೆಗಳಿಗೆ ಹೋಗಿಬರುತ್ತಿದ್ದ.

ಈಗ ಡೇರಿಯ ಹೊಸ ಗೋಡೆಗೆ ಹಾಲು ಹಾಕುವ ಪ್ರತಿ ಮನೆಯ ರೈತನ ಫೋಟೋ ಬೇಕಾಗಿತ್ತು. ಅಂದಿನ ಸಂಜೆಯ ಹಾಲಿನ ಜೊತೆಗೇ ತರಬೇಕು, ಆಮೇಲೆ ಬಂದರೆ ಜಾಗವಿಲ್ಲ ಎಂದು ಕಾರ್ಯದರ್ಶಿ ಹೇಳಿ ಕಳಿಸಿದ್ದರು. ಅಷ್ಟರಲ್ಲಾಗಲೇ ಬಂದಿದ್ದ ಫೋಟೋಗಳನ್ನು ತಂಗಿ ನೋಡಿಯಾಗಿತ್ತು. ಸಾಲಾಗಿ ಮೀಸೆಗಳು, ಕಟ್ಟಿದ ಕೈಗಳು, ಬೇರೆಯವರ ಟ್ರ್ಯಾಕ್ಟರುಗಳು. ಯಾರ ಬೆನ್ನು ಮುರಿಯುತ್ತದೋ ಅವರ ಮುಖ ಗೋಡೆ ಹತ್ತಬಾರದು ಎಂದು ಎಲ್ಲ ಮನೆಗಳೂ ಸೇರಿ ಒಪ್ಪಂದ ಮಾಡಿಕೊಂಡಂತಿತ್ತು. ನಮ್ಮ ಮನೆಯಿಂದ ಅತ್ತಿಗೆಯ ಫೋಟೋವೇ ಹೋಗಬೇಕು, ನೋಡೇಬಿಡೋಣ ಎಂದು ಅವಳು ಹಟ ತೊಟ್ಟಿದ್ದಳು.

ಅಣ್ಣ ಇಸ್ತ್ರಿ ಅಂಗಿ ಹಾಕಿಕೊಂಡು ಕೊಟ್ಟಿಗೆಗೆ ಇಳಿದ.

"ಲೇ ಸ್ಟುಡಿಯೋ, ಹಾಲು ಕರೀತಿರೋ ಹಾಗೆ ತೆಗಿ. ಸಹಜವಾಗಿರ್ಬೇಕು, ನೀನೇ ಹೇಳ್ತಿರ್ತೀಯಲ್ಲ."

"ಅಣ್ಣಾ, ನೀನು ಕೊನೇ ಸಲ ಕರೆದದ್ದು ಯಾವಾಗ?"

"ಅದೇನು ಮರೆತುಹೋಗೋ ವಿದ್ಯೆನಾ? ನೀನು ಒತ್ತು."

ಕೆಂದಿ ಹಸು ಹಿಂಡಿ ಮೆಲ್ಲುವುದನ್ನು ನಿಲ್ಲಿಸಿ ತಿರುಗಿ ನೋಡಿತು. ಈ ಸೆಂಟಿನ ವಾಸನೆ ಯಾರದ್ದು? ಈ ತಣ್ಣನೆ ಕೈ ಯಾರದ್ದು? ಕೆಚ್ಚಲು ಬಿಗಿದುಕೊಂಡಿತು. ಅಣ್ಣ ಎಳೆದ, ಮತ್ತೆ ಎಳೆದ. ಒಂದು ಹನಿಯೂ ಇಲ್ಲ. ಬೈದ. ಕೆಂದಿ ಹಿಂಗಾಲು ಎತ್ತಿ ಬಕೆಟ್ಟನ್ನು ಝಾಡಿಸಿ ಒದೆಯಿತು. ಇಸ್ತ್ರಿ ಅಂಗಿ ಸಗಣಿಯಲ್ಲಿ ಕೂತಿತು.

"ಅಯ್ಯೋ, ಏಳ್ರೀ ಆಚೆ! ಹೆದರಿಸಿಬಿಟ್ರಲ್ಲ!" ಅತ್ತಿಗೆ ಓಡಿಬಂದು ಗಂಡನನ್ನು ಭುಜದಿಂದ ತಳ್ಳಿ, ಕೂತು, ಕೆಂದಿಯ ಪಕ್ಕೆಗೆ ಹಣೆ ಒತ್ತಿ ಏನೋ ಗೊಣಗಿದಳು. ಹಸು ಉಸಿರು ಬಿಟ್ಟಿತು. ಬಕೆಟ್ಟಿನ ತಳಕ್ಕೆ ಹಾಲು ಚುರ್ರೆಂದು ಬಿತ್ತು. ಕಿಟಕಿಯಿಂದ ಓರೆಯಾಗಿ ಇಳಿದ ಬೆಳಕಿನಲ್ಲಿ ಹುಲ್ಲಿನ ದೂಳು ತೇಲುತ್ತಿತ್ತು.

ಕ್ಲಿಕ್.

ತಂಗಿ ಕುಣಿದೇಬಿಟ್ಟಳು. "ಸಿಕ್ತು ಅತ್ತಿಗೆ! ಇದೇ ಹೋಗೋದು ಗೋಡೆಗೆ!"

ಕರೆದು ಮುಗಿಸಿ, ಕೈ ಒರೆಸಿಕೊಂಡು, ಅತ್ತಿಗೆ ಕ್ಯಾಮರಾದ ಪುಟ್ಟ ಪರದೆಯನ್ನು ನೋಡಿದಳು. ನೋಡುತ್ತಲೇ ಇದ್ದಳು.

"ಇದು ಯಾರು?"

"ನೀವೇ!"

"ನಾನಾ? ಎಲ್ಲಿದೀನಿ? ಬೆನ್ನಿದೆ. ಬೆನ್ನ ಮೇಲೆ ನಿಮ್ಮಣ್ಣನ ಹಳೇ ಅಂಗಿ ಇದೆ. ತಲೆ ಮೇಲೆ ಅವ್ರದ್ದೇ ಟವಲ್ ಇದೆ. ಡೇರೀಲಿ ನೋಡ್ದೋರು ಏನಂತಾರೆ? ಆಹಾ, ಎಷ್ಟು ಚೆನ್ನಾಗಿ ಕರೀತಾನಪ್ಪಾ ಅಂತಾರೆ!"

ಸಗಣಿ ತೊಳೆದುಕೊಳ್ಳುತ್ತಿದ್ದ ಅಣ್ಣ ಕಿಸಕ್ಕನೆ ನಕ್ಕ.

"ನೀವು ಸುಮ್ನಿರ್ರೀ!" ಎಂದು ಅತ್ತಿಗೆ ತಂಗಿಯತ್ತ ತಿರುಗಿದಳು. "ಹಿಂದಿನ ಫೋಟೋ ತೋರ್ಸು. ಇನ್ನೂ ಹಿಂದೆ. ಹಿಮ್ಮಡಿ. ಕೈ. ಮತ್ತೆ ಬೆನ್ನು. ಕೋಳೀಗೂ ಮುಖ ಇದೆ ನಿನ್ನ ಕ್ಯಾಮರಾದಲ್ಲಿ, ಕರುವಿಗೂ ಇದೆ. ನನ್ನದೊಂದು ಮುಖ ಇಲ್ವಲ್ಲೇ! ನಾನೇನು ಬಿಡಿ ಸಾಮಾನಾ?"

"ಪೋಸು ಕೊಟ್ರೆ ಸುಳ್ಳಾಗುತ್ತೆ ಅಂತ, ಅತ್ತಿಗೆ..."

"ನನ್ನ ಮುಖ ಸುಳ್ಳಾ?"

ತಂಗಿ ಪರದೆ ಆರಿಸಿದಳು. ಇಷ್ಟು ದಿನ ಊರಿನ ಮೇಲೆ ಹರಿಹಾಯ್ದದ್ದೆಲ್ಲ ತಿರುಗಿ ಬಂದು ಕೆನ್ನೆಗೆ ಬಾರಿಸಿದಂತಿತ್ತು. ಗಂಡಸರು ಅತ್ತಿಗೆಯನ್ನು ಗೋಡೆಯಿಂದ ಆಚೆ ಇಟ್ಟಿದ್ದರು, ನಿಜ. ತಾನು ಮಾಡಿದ್ದೇನು? ಕೈಯಷ್ಟು, ಕಾಲಷ್ಟು ಕತ್ತರಿಸಿಕೊಂಡು, ಚೆಂದವಿದೆ ಎಂದು ಬೀಗಿದ್ದಳು.

ಅತ್ತಿಗೆ ಒಳಗೆ ಹೋದಳು. ಮುಖ ತೊಳೆದು, ತಲೆ ಬಾಚಿ, ನೀಲಿ ಸೀರೆ ಉಟ್ಟು ಬಂದಳು. ಕೆಂದಿಯ ಪಕ್ಕದಲ್ಲಿ ನೆಟ್ಟಗೆ ನಿಂತಳು. ಎರಡೂ ಕೈ ತೊಡೆಗೆ ಅಂಟಿಸಿ, ಥೇಟ್ ಚಿಕ್ಕಮ್ಮನ ಹಾಗೆಯೇ. ತಂಗಿಗೆ ಹಲ್ಲು ಕಡಿಯುವ ಅಭ್ಯಾಸ, ಆದರೂ ತಡೆದುಕೊಂಡಳು.

"ಲೇ, ಅವರು ಕೇಳಿದ್ದು ರೈತನ ಫೋಟೋ ಕಣೇ," ಎಂದ ಅಣ್ಣ.

"ಹೌದ್ರೀ, ಅದಕ್ಕೇ ನಿಂತಿರೋದು," ಎಂದಳು ಅತ್ತಿಗೆ, ಕ್ಯಾಮರಾದಿಂದ ಕಣ್ಣು ತೆಗೆಯದೆ. "ಹಸು ಅಲುಗ್ತಿದೆ. ಹಗ್ಗ ಹಿಡ್ಕೊಳ್ಳಿ. ಇನ್ನೂ ಆಚೆ. ಇನ್ನೂ ಸ್ವಲ್ಪ."

ಸಂಜೆ ಡೇರಿಯಲ್ಲಿ ಕಾರ್ಯದರ್ಶಿ ಕ್ಯಾಮರಾದ ಕಾರ್ಡನ್ನು ಕಂಪ್ಯೂಟರಿಗೆ ಚುಚ್ಚಿ ಕನ್ನಡಕ ಏರಿಸಿದರು. ಪರದೆಯೊಳಗಿಂದ ಅತ್ತಿಗೆ ಅವರನ್ನೇ ದುರುಗುಟ್ಟಿ ನೋಡುತ್ತಿದ್ದಳು.

"ಇದೇನಮ್ಮಾ, ನಿಮ್ಮ ಮನೆ ರೈತ ಎಲ್ಲಿ?"

"ನಿಮ್ಮ ಕಣ್ಣೆದುರಿಗೇ ಇದ್ದಾಳಲ್ಲ," ಎಂದು ತಂಗಿ ಪರದೆ ತೋರಿಸಿದಳು.

ಹಿಂದೆ ಕ್ಯಾನು ಹಿಡಿದು ನಿಂತ ಹೆಂಗಸರಲ್ಲಿ ಯಾರೋ "ಹೌದ್ಹೌದು" ಎಂದರು. ಕಾರ್ಯದರ್ಶಿ ಸುತ್ತ ನೋಡಿ, ಗಂಟಲು ಸರಿಮಾಡಿಕೊಂಡು, ಫೋಟೋವನ್ನು ಗೋಡೆಗೆ ಹೋಗುವ ಫೋಟೋಗಳ ಸಾಲಿಗೆ ಸೇರಿಸಿದರು. ಆಮೇಲೆ ಮೂಲೆಗೆ ಬೆರಳಿಟ್ಟರು. "ಇಲ್ಲೊಂದು ಕೈ ಬಂದುಬಿಟ್ಟಿದೆಯಲ್ಲ, ಹಗ್ಗ ಹಿಡಿದಿರೋದು. ಕತ್ತರಿಸಿಬಿಡ್ಲಾ?"

"ಬೇಡ ಸಾರ್, ಇರ್ಲಿ," ಎಂದಳು ತಂಗಿ. "ನಮ್ಮಣ್ಣನೂ ಒಂದು ದಿನ ಕೆಲಸ ಮಾಡಿದ ಅನ್ನೋದಕ್ಕೆ ಸಾಕ್ಷಿ ಬೇಕಲ್ಲ."